ಇಂಗ್ಲೆಂಡಿನ ಅಮೆರಿಕಾ ಮೇಷ್ಟ್ರು

ಅವರಿಗೆ ನಾಚಿಕೆಯಾದರೆ ಮುಖಕ್ಕಿಂತ ಮೊದಲು ಕಿವಿ ಕೆಂಪಾಗುತ್ತಿತ್ತು. ಸಣ್ಣಪುಟ್ಟ ಕಿವಿಗಳಲ್ಲ ಅವು. ತಲೆಯಿಂದ ದೂರ ಸರಿದು ನಿಂತ, ಬೆಳಕಿಗೆ ಎದುರಾದರೆ ಒಳಗಿನ ನರ ಕಾಣುವಷ್ಟು ತೆಳುವಾದ ದೊಡ್ಡ ಕಿವಿಗಳು. ಅವನ್ನು ಅಡಗಿಸಲೆಂದೋ ಏನೋ ಸದಾ ಒಂದು ನೀಲಿ ಬೇಸ್‌ಬಾಲ್ ಟೋಪಿ ಹಾಕಿಕೊಂಡಿರುತ್ತಿದ್ದರು. ಟೋಪಿ ಅವನ್ನು ಇನ್ನಷ್ಟು ಹೊರಕ್ಕೆ ತಳ್ಳಿ ತೋರಿಸುತ್ತಿತ್ತು. ಟೋಪಿಯ ಮೇಲೆ ಅಮೆರಿಕಾದ ಒಂದು ಊರಿನ ಹೆಸರಿತ್ತು. ಆ ಊರನ್ನು ಅವರು ಕಣ್ಣಿನಿಂದ ನೋಡಿರಲಿಲ್ಲ ಎಂಬುದು ನನಗೆ ತಿಳಿದದ್ದು ಎಷ್ಟೋ ತಿಂಗಳ ಮೇಲೆ.

ನಾವು ಅವರನ್ನು ಅಮೆರಿಕಾ ಮೇಷ್ಟ್ರು ಎಂದು ಕರೆಯುತ್ತಿದ್ದೆವು. ನಾವು ಎಂದರೆ ಮಲೇಷ್ಯಾದ ಸುಬಾಂಗ್ ಜಯಾದಲ್ಲಿ, ಇಲ್ಲಿ ಕಾಂಡೋ ಎನ್ನುವ ಒಂದು ಹಳೆಯ ಅಪಾರ್ಟ್‌ಮೆಂಟಿನಲ್ಲಿ ಬಾಡಿಗೆಗಿದ್ದ ಐದಾರು ಕನ್ನಡದ ಸಂಸಾರಗಳು. ಗಂಡಂದಿರೆಲ್ಲ ಕಂಪ್ಯೂಟರ್ ಕೆಲಸದವರು, ಎಲ್ಲರ ಕಣ್ಣೂ ಕಂಪನಿಯ ಅಮೆರಿಕಾ ವರ್ಗಾವಣೆಯ ಮೇಲೆ. ಮಲೇಷ್ಯಾ ನಮಗೆ ಬಸ್ಸು ಬದಲಿಸುವ ನಿಲ್ದಾಣ. ಹಾಗೆಂದು ವರ್ಷಗಟ್ಟಲೆ ಆ ನಿಲ್ದಾಣದಲ್ಲೇ ಸಾಮಾನು ಕಟ್ಟಿಕೊಂಡು ಕೂತಿದ್ದೆವು. ಆಗ ಬಂತು, ಇಲ್ಲಿ ಎಲ್ಲರೂ ಎಂಸಿಓ ಎನ್ನುತ್ತಿದ್ದ ಲಾಕ್‌ಡೌನ್. ಶಾಲೆಗಳು ಮುಚ್ಚಿದವು. ಮನೆಗೊಬ್ಬರು ಮಾತ್ರ ಸಾಮಾನು ತರಲು ಹೊರಗೆ ಹೋಗಬಹುದಿತ್ತು. ಮೇಲಿನ ಮಹಡಿಯ ಬೆಂಗಳೂರಿನ ಗೆಳತಿ ಒಂದು ಬೆಳಿಗ್ಗೆ ಫೋನ್ ಮಾಡಿದಳು.

"ರೀ, ನಿಮ್ ಫ್ಲೋರ್‌ನಲ್ಲೇ ಒಬ್ರು ಅಮೆರಿಕನ್ ಟೀಚರ್ ಇದಾರಂತೆ. ಮಾಲ್‌ನಲ್ಲಿ ಮಕ್ಕಳಿಗೆ ಇಂಗ್ಲಿಷ್ ಹೇಳ್ಕೊಡ್ತಿದ್ರಂತೆ, ಈಗ ಸೆಂಟರ್ ಮುಚ್ಚಿದೆ. ಆನ್‌ಲೈನ್ ಕ್ಲಾಸ್ ಮಾಡ್ತಾರಂತೆ. ಆಕ್ಸೆಂಟ್ ಈಗ್ಲೇ ಬಂದ್ಬಿಟ್ರೆ ಮಕ್ಳು ಅಲ್ಲಿಗೆ ಹೋದ್ಮೇಲೆ ಒದ್ದಾಡೋದು ತಪ್ಪುತ್ತೆ, ಅಲ್ವಾ?"

ಯಾರೂ ಅವರನ್ನು ನಿಮ್ಮ ಊರು ಯಾವುದು ಎಂದು ಕೇಳಲಿಲ್ಲ. ಹೊಸಬರು ಸಿಕ್ಕರೆ ಊರು ಕೇಳಿದ ಮೇಲೆ ಹೆಸರು ಕೇಳುವ ಜನ ನಾವು. ಊರು ಹೇಳಿದರೆ ಸಾಲದು, ಊರಿನಲ್ಲಿ ಯಾವ ಓಣಿ ಎಂದೂ ಕೇಳಬೇಕು. ಅಂಥ ನಾವು, ಬಿಳಿಯ ಮೈ, ಬೇಸ್‌ಬಾಲ್ ಟೋಪಿ, ಅರ್ಧ ಮೂಗಿನಿಂದ ಬರುವ ಆ ಮಾತು, ಇಷ್ಟು ಕಂಡ ಮೇಲೆ ಕೇಳಲು ಏನಿದೆ ಎಂದುಕೊಂಡೆವು. ಅವರೂ ತಾವಾಗಿ ಹೇಳಲಿಲ್ಲ.

ಅವರಿಗೆ ಇಪ್ಪತ್ತಾರು ಇಪ್ಪತ್ತೇಳು ವಯಸ್ಸಿರಬಹುದು. ಲ್ಯಾಪ್‌ಟಾಪಿನ ಪರದೆಯ ಮೇಲೆ ಬಂದರೆಂದರೆ ಹಬ್ಬ. "ವಾಟ್ಸ್ ಅಪ್, ಚಾಂಪ್ಸ್!" ಎಂದು ಎರಡೂ ಅಂಗೈ ತೋರಿಸುತ್ತಿದ್ದರು, ಮಕ್ಕಳು ತಮ್ಮ ತಮ್ಮ ಪರದೆಗೆ ಅಂಗೈ ತಾಗಿಸಬೇಕು. ನಮ್ಮ ಮನೆಯ ಲ್ಯಾಪ್‌ಟಾಪಿನ ಮೇಲೆ ಮಗಳ ಚಪಾತಿ ಎಣ್ಣೆಯ ಕೈಗುರುತು ಸದಾ ಇರುತ್ತಿತ್ತು. ಹಳದಿ ಸ್ಕೂಲ್ ಬಸ್ಸು, ಹಿಮ ಬಿದ್ದರೆ ಸಿಗುವ ರಜೆ, ಶಾಲೆಯ ಕಾರಿಡಾರಿನ ಲಾಕರು, ಇವನ್ನೆಲ್ಲ ಅವರು ಎಷ್ಟು ಆಸೆಯಿಂದ ಹೇಳುತ್ತಿದ್ದರೆಂದರೆ, ಪಕ್ಕದಲ್ಲಿ ಬೀನ್ಸ್ ಹೆಚ್ಚುತ್ತ ಕೂತ ನನಗೂ ಆ ಬಸ್ಸಿನಲ್ಲಿ ಒಮ್ಮೆ ಕೂರಬೇಕೆನಿಸುತ್ತಿತ್ತು. ಎಂಟು ವರ್ಷದ ನನ್ನ ಮಗಳು ಎರಡೇ ತಿಂಗಳಲ್ಲಿ ಕಸಕ್ಕೆ ಟ್ರ್ಯಾಶ್ ಎಂದಳು, ಬಿಸ್ಕತ್ತಿಗೆ ಕುಕಿ ಎಂದಳು. ನೀರಿಗೆ ಅವಳು ಅನ್ನುತ್ತಿದ್ದುದು ನನ್ನ ಬಾಯಲ್ಲಿ ಬರುವುದಿಲ್ಲ. ನನ್ನ ಗಂಡ ಮೈಸೂರಿನವರು, ಹೆಚ್ಚು ಮಾತಿಲ್ಲದವರು, ಮುಗುಳ್ನಕ್ಕು ನನ್ನ ಕಡೆ ನೋಡುತ್ತಿದ್ದರು. ನನಗೂ ಹೆಮ್ಮೆಯಾಗುತ್ತಿತ್ತು. ಅದನ್ನು ಬಚ್ಚಿಟ್ಟು ಏನು ಮಾಡಲಿ.

ತಮಾಷೆಯೆಂದರೆ ಇಂಟರ್ನೆಟ್ಟಿನಲ್ಲಿ ಊರೆಲ್ಲ ಸುತ್ತಿ ನಮ್ಮನೆಗೆ ಬರುತ್ತಿದ್ದ ಈ ಮೇಷ್ಟ್ರು ಇದ್ದದ್ದು ನಮ್ಮ ಮನೆಯ ಬೆನ್ನಿಗಿದ್ದ ಮನೆಯಲ್ಲಿ. ಇಲ್ಲಿಯ ಹಳೆಯ ಕಾಂಡೋಗಳಲ್ಲಿ ನಾಲ್ಕು ಮನೆಗಳ ಬಟ್ಟೆ ಒಗೆಯುವ ಬಾಲ್ಕನಿಗಳು ಒಂದೇ ಗಾಳಿಗುಂಡಿಗೆ ಮುಖ ಮಾಡಿರುತ್ತವೆ. ಬೆಳಕು ಮೇಲಿನಿಂದ ಬರುತ್ತದೆ, ವಾಸನೆ ಕೆಳಗಿನಿಂದ ಏರುತ್ತದೆ, ಸದ್ದು ಎಲ್ಲ ಕಡೆಯಿಂದಲೂ. ಕೆಳಗಿನ ಮನೆಯ ತಮಿಳು ಆಂಟಿ ಏನು ಒಗ್ಗರಣೆ ಹಾಕಿದರೆಂದು ಆರು ಮಹಡಿಗೂ ಗೊತ್ತು. ಮೇಷ್ಟ್ರ "ಆಸಮ್!" ಮೊದಲು ಗಾಳಿಗುಂಡಿಯಿಂದ ಕೇಳಿಸುತ್ತಿತ್ತು, ಅರೆಗಳಿಗೆಯ ಮೇಲೆ ಲ್ಯಾಪ್‌ಟಾಪಿನಿಂದ. ಮಗಳು ಎರಡು ಸಲ ಹೊಗಳಿಸಿಕೊಳ್ಳುತ್ತಿದ್ದಳು.

ಆ ಬಾಲ್ಕನಿ ನನ್ನದೊಂದು ಅಡಗುತಾಣವೂ ಆಗಿತ್ತು. ಪ್ರತಿ ಭಾನುವಾರ ಮಧ್ಯಾಹ್ನ ಅಡುಗೆಮನೆಯ ಬಾಗಿಲು ಎಳೆದುಕೊಂಡು, ವಾಷಿಂಗ್ ಮಷೀನಿಗೆ ಒರಗಿ, ರೋಣದಲ್ಲಿರುವ ಅಪ್ಪನಿಗೆ ಫೋನ್ ಮಾಡುತ್ತಿದ್ದೆ. ಅಪ್ಪ, ಅಣ್ಣ ಇಬ್ಬರೂ ಸೇರಿ ಹಿಟ್ಟಿನ ಗಿರಣಿ ನಡೆಸುತ್ತಾರೆ. ಗಿರಣಿಯ ಸದ್ದಿನ ಮೇಲೆ ಮಾತಾಡಿ ಬೆಳೆದವರು ನಾವು, ಮೆತ್ತಗೆ ಮಾತಾಡಲು ನಮ್ಮ ಮನೆಯಲ್ಲಿ ಯಾರಿಗೂ ಬರುವುದಿಲ್ಲ. "ಅಪ್ಪಾ, ಊಟಾ ಆತೇನು? ಗುಳಿಗಿ ತೊಗೊಂಡಿ ಇಲ್ಲೋ? ಯಾಕ ಹಂಗ ಕೆಮ್ಮಾಕತ್ತಿ?" ಎಂದು ನಾನು ಕೇಳುವ ಆ ಕನ್ನಡ ಆ ಬಾಲ್ಕನಿಯಿಂದ ಒಳಗೆ ಬರುತ್ತಿರಲಿಲ್ಲ. ಬೆಂಗಳೂರಿನಲ್ಲಿ ಎಂಜಿನಿಯರಿಂಗ್ ಓದಲು ಹೋದಾಗ ಹಾಸ್ಟೆಲಿನ ಹುಡುಗಿಯರು, ಇನ್ನೊಂದ್ಸಲ ಹೇಳೇ, ಇನ್ನೊಂದ್ಸಲ ಹೇಳೇ ಎಂದು ನನ್ನ ಬಾಯಿಂದ "ಹೌದಲ್ರೀ" ಅನ್ನಿಸಿ ಹಾಸಿಗೆಯ ಮೇಲೆ ಬಿದ್ದು ಬಿದ್ದು ನಗುತ್ತಿದ್ದರು. ಕೆಟ್ಟ ಹುಡುಗಿಯರಲ್ಲ, ಪ್ರೀತಿಯಿಂದಲೇ ನಗುತ್ತಿದ್ದರು. ಅದಕ್ಕೇ ಅದು ಹೆಚ್ಚು ಚುಚ್ಚುತ್ತಿತ್ತು. ಮೊದಲ ವರ್ಷ ಮುಗಿಯುವುದರೊಳಗೆ ನಾನು ಅವರ ಹಾಗೇ ಮಾತಾಡತೊಡಗಿದೆ. ಮದುವೆಯಾದ ಮೇಲೆ ಅತ್ತೆಯವರು, "ನೀನು ಆ ಕಡೆಯವಳು ಅಂತ ಗೊತ್ತೇ ಆಗಲ್ಲ ಕಣಮ್ಮ" ಎಂದಾಗ ಅದನ್ನು ಬಹುಮಾನದಂತೆ ತೆಗೆದುಕೊಂಡಿದ್ದೆ.

ಒಂದು ಭಾನುವಾರ ನಾನು ಅಪ್ಪನ ಫೋನ್ ಮುಗಿಸಿ ಬಟ್ಟೆ ಹರವುತ್ತಿದ್ದಾಗ ಎದುರಿನ ಬಾಲ್ಕನಿಗೆ ಮೇಷ್ಟ್ರು ಬಂದರು. ಒಳಗೆ ಸಿಗ್ನಲ್ ಸಿಗುವುದಿಲ್ಲ, ನಮ್ಮೆಲ್ಲರ ಫೋನೂ ಅಲ್ಲೇ. ಮೇಲೆ ಟೋಪಿ, ಟೀಶರ್ಟು. ಕೆಳಗೆ ಇಲ್ಲಿಯ ಗಂಡಸರು ಉಡುವ ಚೌಕಳಿ ಲುಂಗಿ. ಪರದೆಯ ಮೇಲೆ ಸೊಂಟದ ತನಕ ಅಮೆರಿಕಾ ಕಂಡಿದ್ದವಳಿಗೆ ಅದರ ಕೆಳಗಿನ ಮಲೇಷ್ಯಾ ಕಂಡು ನಗು ಬಂತು, ಒದ್ದೆ ಟವೆಲ್ಲಿನ ಹಿಂದೆ ನಿಂತೆ. ಅವರು ಸ್ಪೀಕರ್ ಹಾಕಿ ಯಾರಿಗೋ ಫೋನ್ ಮಾಡಿದರು.

"ತಾತಾ, ನಾನು. ನಿಮ್ಮ ಮೊಮ್ಮಗ. ಬೇರೆ ದೇಶದಲ್ಲಿ ಸಿಕ್ಕಿಹಾಕಿಕೊಂಡಿದ್ದೇನೆ..."

ಅತ್ತ ಒಬ್ಬ ಮುದುಕ ಏನೋ ಗದರಿದ. ಫೋನ್ ಇಟ್ಟ ಸದ್ದು. ಮೇಷ್ಟ್ರು ಮತ್ತೆ ಮಾಡಿದರು, ಮುದುಕ ಮತ್ತೆ ಇಟ್ಟುಬಿಟ್ಟ. ಮೂರನೆಯ ಸಲ ಎತ್ತಲೇ ಇಲ್ಲ. ಟವೆಲ್ಲಿನ ಸಂದಿಯಿಂದ ನೋಡಿದೆ, ಕಿವಿಗಳು ಎರಡೂ ಕೆಂಡ. ನಾನು ಅಲ್ಲಿರುವುದು ಅವರಿಗೆ ಗೊತ್ತಾಗಿತ್ತು.

"ನನ್ನ ತಾತ," ಎಂದರು, ನನಗೋ ಗಾಳಿಗೋ. "ನನ್ನನ್ನು ಮೋಸಗಾರ ಅಂದುಕೊಂಡರು."

ಆಮೇಲೆ ವಿಷಯ ತಿಳಿಯಿತು. ಅವರ ಊರು ಇಂಗ್ಲೆಂಡಿನ ಉತ್ತರ ಭಾಗದಲ್ಲಿ, ಸಮುದ್ರದ ಪಕ್ಕದ ಒಂದು ಸಣ್ಣ ಊರು. ಅಮೆರಿಕಾಕ್ಕೆ ಅವರು ಒಮ್ಮೆಯೂ ಹೋಗಿಲ್ಲ. ತಾಯಿ ಹಗಲೂ ರಾತ್ರಿ ಕೆಲಸಕ್ಕೆ ಹೋಗುತ್ತಿದ್ದರಿಂದ ಸಾಕಿದ್ದು ತಾತ. ತಾಯಿ ಈಗಿಲ್ಲ. ತಾತನಿಗೆ ಕಣ್ಣು ಹೋಗಿದೆ, ಒಂದು ವೃದ್ಧಾಶ್ರಮದಲ್ಲಿದ್ದಾರೆ. ಮುಂಚೆ ಚಿಕ್ಕಮ್ಮ ಪಕ್ಕದಲ್ಲಿ ಕೂತು, ಇಗೋ ಹುಡುಗ ಮಾತಾಡುತ್ತಾನೆ ಎಂದು ಫೋನ್ ಕೈಗೆ ಕೊಡುತ್ತಿದ್ದರು. ಈಗ ರೋಗದ ಭಯಕ್ಕೆ ಒಳಗೆ ಯಾರನ್ನೂ ಬಿಡುವುದಿಲ್ಲ. ಮುದುಕರಿಗೆಲ್ಲ ಅಲ್ಲಿ ಹೇಳಿಟ್ಟಿದ್ದಾರೆ: ಮೊಮ್ಮಗ, ಪರದೇಶದಲ್ಲಿ ಸಿಕ್ಕಿಹಾಕಿಕೊಂಡಿದ್ದೇನೆ ಎಂದು ಯಾರಾದರೂ ಫೋನ್ ಮಾಡಿದರೆ ನಂಬಬೇಡಿ, ಇಟ್ಟುಬಿಡಿ, ಕಳ್ಳರು ಹಾಗೆಯೇ ಮಾಡುವುದು. ಪಾಪ, ಮೇಷ್ಟ್ರು ಸತ್ಯ ಹೇಳಿದರು, ಕಳ್ಳರ ಮಾತು ಅಕ್ಷರಶಃ ಅದೇ ಆಗಿತ್ತು. ಅದರ ಮೇಲೆ ಅಮೆರಿಕಾದ ದನಿ.

ನನಗೆ ನಗು ತಡೆಯಲಾಗಲಿಲ್ಲ, ನಕ್ಕುಬಿಟ್ಟೆ. ಅವರೂ ನಕ್ಕರು. ಆಮೇಲೆ ಅವರು ಟೋಪಿಯನ್ನು ಕಣ್ಣಿನ ಮೇಲಕ್ಕೆ ಎಳೆದುಕೊಂಡರು, ನನ್ನ ನಗು ನನಗೇ ಬೇಡವಾಯಿತು.

ಅಂದಿನಿಂದ ಭಾನುವಾರಗಳಲ್ಲಿ ನಾವಿಬ್ಬರೂ ಗಾಳಿಗುಂಡಿಯ ಆಚೆ ಈಚೆ ನಿಂತು ಮಾತಾಡತೊಡಗಿದೆವು. ಅವರು ಪಾಠದ ಹೊತ್ತಿನಲ್ಲೂ ಕೈಬಿಡದ ಚಹಾದ ದೊಡ್ಡ ಮಗ್ಗು ಹಿಡಿದು ಬರುತ್ತಿದ್ದರು. ಅಮೆರಿಕಾದವರು ಇಷ್ಟೊಂದು ಚಹಾ ಕುಡಿಯುತ್ತಾರೆಯೇ ಎಂದು ನನಗೆ ಮೊದಲೇ ಅನುಮಾನ ಬರಬೇಕಿತ್ತು. ತಮ್ಮ ಬಾಲ್ಯ ಹೇಳುವಾಗ ಅವರು ನೆಲ ನೋಡಿಕೊಂಡು ಮಾತಾಡುತ್ತಿದ್ದರು. ಶಾಲೆ ಬಿಟ್ಟು ಬಂದರೆ ರಾತ್ರಿಯವರೆಗೆ ಟೀವಿ, ಟೀವಿ ತುಂಬ ಅಮೆರಿಕಾ. "ನಮ್ಮ ಶಾಲೆಯಲ್ಲಿ ಲಾಕರ್ ಇರಲಿಲ್ಲ. ಇಲ್ಲವಲ್ಲ ಎಂದು ನಾನು ಅತ್ತಿದ್ದೇನೆ," ಎಂದರು. "ಕಳ್ಳ ಪೊಲೀಸ್ ಆಡುವಾಗಲೂ ನಾವು ಅಮೆರಿಕಾದ ಪೊಲೀಸರು. ನಮ್ಮೂರಿನ ಪೊಲೀಸ್ ಆಗು ಅಂದರೆ ಯಾರೂ ಒಪ್ಪುತ್ತಿರಲಿಲ್ಲ."

ಅವರಿಗೆ ಏಳು ವರ್ಷವಿದ್ದಾಗ ತಾತ ಹಿತ್ತಲಲ್ಲಿ ಏಣಿಯಿಂದ ಬಿದ್ದು ಕಾಲು ಮುರಿದುಕೊಂಡರಂತೆ. ಹುಡುಗ ಒಳಗೆ ಓಡಿ ಫೋನ್ ಎತ್ತಿ ಟೀವಿಯಲ್ಲಿ ನೋಡಿದ್ದ ನಂಬರು ಒತ್ತಿದ, ಅಮೆರಿಕಾದ ಪೊಲೀಸರ ನಂಬರು. ಅತ್ತ ಯಾರೂ ಮಾತಾಡುವುದಿಲ್ಲ. ಇವನು ಮತ್ತೆ ಮತ್ತೆ ಅದನ್ನೇ ಒತ್ತುತ್ತಾನೆ. ಹಿತ್ತಲಿಗೆ ಓಡಿ ಬಂದು, ಅವರು ಎತ್ತುತ್ತಾ ಇಲ್ಲ ತಾತಾ ಎಂದು ಅತ್ತಾಗ, ಮುದುಕ ಮುರಿದ ಕಾಲು ಹಿಡಿದುಕೊಂಡೇ ನಕ್ಕು, "ಅದು ಬೇರೆ ದೇಶದ ನಂಬರು ಮಗಾ. ಅವರು ಬರುವ ಹೊತ್ತಿಗೆ ನನ್ನ ಕಾಲು ತಾನೇ ಕೂಡಿರುತ್ತದೆ," ಎಂದರಂತೆ. ಇದನ್ನು ಹೇಳುವಾಗ ಮೇಷ್ಟ್ರು ತಾತನ ದನಿಯಲ್ಲೇ ಹೇಳಿದರು. ಆ ಇಂಗ್ಲಿಷ್ ನನಗೆ ಅರ್ಧಕ್ಕರ್ಧ ತಿಳಿಯಲಿಲ್ಲ. ಗಿಡ್ಡ ಗಿಡ್ಡ ಮಾತು, ಕೊನೆಗೆ ಎತ್ತಿ ಹಾಡುವ ದನಿ. ಕೇಳಿದರೆ ಸಂತೆಯಲ್ಲಿ ಯಾರೋ ಗುರುತಿನವರು ಕೂಗಿ ಕರೆದಂತಿತ್ತು.

"ಇಷ್ಟು ಚೆನ್ನಾಗಿ ಬರುತ್ತದಲ್ಲ, ಮತ್ತೆ ಯಾಕೆ ಹೀಗೆ ಮಾತಾಡುತ್ತೀರಿ?" ಎಂದೆ.

ಕಿವಿ ಕೆಂಪಾಯಿತು. ದಕ್ಷಿಣದ ಕಡೆಯ ದೊಡ್ಡ ಯೂನಿವರ್ಸಿಟಿಗೆ ಹೋದಾಗ ಎಲ್ಲರೂ ನಕ್ಕರು ಎಂದರು. ಆಗಲೇ, ಚಿಕ್ಕಂದಿನಲ್ಲಿ ಆಟಕ್ಕೆಂದು ಆಡುತ್ತಿದ್ದ ಅಮೆರಿಕಾದ ಮಾತನ್ನು ಹೊರಗೆ ತೆಗೆದರಂತೆ. "ಇಂಗ್ಲೆಂಡಿನಲ್ಲಿ ಬಾಯಿ ತೆರೆದರೆ ಸಾಕು, ನಿಮ್ಮಪ್ಪ ಏನು ಕೆಲಸ ಮಾಡುತ್ತಿದ್ದ ಎಂಬುದು ಎದುರಿನವನಿಗೆ ಗೊತ್ತಾಗುತ್ತದೆ. ಅಮೆರಿಕಾದವರ ಹಾಗೆ ಮಾತಾಡಿದರೆ ಏನೂ ಗೊತ್ತಾಗುವುದಿಲ್ಲ. ನೀವು ಟೀವಿಯಿಂದ ಬಂದವರು, ಅಷ್ಟೇ." ನನ್ನ ಹಾಗೆ ಟೀವಿ ನೋಡಿ ಬೆಳೆದವರು ಬೇಕಾದಷ್ಟು ಜನ ಇದ್ದಾರೆ, ಅವರು ಆ ಮಾತನ್ನು ಅಷ್ಟಿಷ್ಟು ಆಡಿ ಬಿಟ್ಟರು, ನಾನು ಪೂರ್ತಿ ಅದರೊಳಗೆ ಹೋಗಿ ಬಾಗಿಲು ಹಾಕಿಕೊಂಡೆ ಎಂದೂ ಹೇಳಿದರು. ಇಲ್ಲಿ ಕೆಲಸ ಕೊಟ್ಟವರಿಗೂ ಅದೇ ದನಿ ಬೇಕಿತ್ತಂತೆ. ನಮಗೂ ಅದೇ ಬೇಕಿತ್ತು. ಅವರು ಅದನ್ನು ಹೇಳಲಿಲ್ಲ, ಹೇಳದಿದ್ದುದೇ ನನಗೆ ಮುಜುಗರವಾಯಿತು.

ಆಮೇಲೆ ಒಂದು ಗುಟುಕು ಚಹಾ ಕುಡಿದು, "ನೀವೂ ಹಾಗೇ ತಾನೇ?" ಎಂದರು.

"ನಾನಾ?"

"ಭಾನುವಾರ ಇಲ್ಲಿ ಫೋನ್ ಮಾಡುವ ಹೆಂಗಸು ಬೇರೆ. ನಿಮ್ಮ ಮನೆಯೊಳಗೆ ಮಾತಾಡುವ ಹೆಂಗಸು ಬೇರೆ. ಮೊದಲು ನಿಮ್ಮ ಮನೆಯಲ್ಲಿ ಇಬ್ಬರಿದ್ದಾರೆ ಅಂದುಕೊಂಡಿದ್ದೆ. ಇಲ್ಲಿ ಮಾತಾಡುವಾಗ ನೀವು ಬಿಗಿಯಾದ ಚಪ್ಪಲಿ ಬಿಚ್ಚಿಟ್ಟವರ ಹಾಗೆ ಇರುತ್ತೀರಿ."

ಕನ್ನಡದ ಒಂದು ಅಕ್ಷರ ಗೊತ್ತಿಲ್ಲದ ಮನುಷ್ಯ. ಹತ್ತು ವರ್ಷ ಜೊತೆಗೆ ಬಾಳಿದ ಗಂಡ ಕೇಳಿಸಿಕೊಳ್ಳದ್ದನ್ನು ಆತ ಗೋಡೆಯಾಚೆಯಿಂದ ಕೇಳಿಸಿಕೊಂಡಿದ್ದ. ಮೈಮೇಲಿನ ಬಟ್ಟೆ ಜಾರಿದಷ್ಟು ನಾಚಿಕೆಯಾಯಿತು ನನಗೆ. ಏನೋ ನೆಪ ಹೇಳಿ ಒಳಗೆ ಬಂದೆ. ಮುಂದಿನ ಭಾನುವಾರ ಅಪ್ಪನಿಗೆ ಫೋನ್ ಮಾಡುವಾಗ ದನಿ ತಗ್ಗಿಸಿದೆ. ಅಪ್ಪ, "ಯಾಕ, ಆರಾಮಿಲ್ಲೇನು?" ಎಂದು ಗಾಬರಿಯಾದ.

ಮೇಷ್ಟ್ರು ಮಾತ್ರ ಹಟ ಹಿಡಿದರು. ತಾತ ಹೋಗುವುದರೊಳಗೆ ಒಮ್ಮೆಯಾದರೂ ತನ್ನನ್ನು ತಾನೆಂದು ಗುರುತಿಸಬೇಕು. ಅವರಿಗೆ ಬೇರೇನೂ ಬೇಡವಾಗಿತ್ತು. ವಿಮಾನ ಇಲ್ಲ, ಗಡಿ ಮುಚ್ಚಿದೆ, ಇರುವುದು ದನಿಯೊಂದೇ. ಹಗಲೆಲ್ಲ ಬಾಲ್ಕನಿಯಲ್ಲಿ ನಿಂತು ತಮ್ಮೂರಿನ ಮಾತನ್ನು ತಾವೇ ಆಡಿಕೊಳ್ಳುತ್ತಿದ್ದರು. ಕೆಳಗಿನ ತಮಿಳು ಆಂಟಿ ತಲೆ ಹೊರಗೆ ಹಾಕಿ, "ಯಾರ್ ಕೂಡ ಪೇಸ್ರಾಂಗ ಲಾ ಇವರು?" ಎಂದು ನನ್ನನ್ನು ಕೇಳಿದರು. ಯಾರ ಜೊತೆ ಎಂದು ಹೇಳುವುದು.

ಒಂದು ದಿನ ಧೈರ್ಯ ಮಾಡಿ ಆ ಮಾತಿನಲ್ಲೇ ತಾತನಿಗೆ ಫೋನ್ ಮಾಡಿದರು. ನಾನು ಅಲ್ಲೇ ಇದ್ದೆ, ಬೇಕೆಂದೇ ಇದ್ದೆ. ತಾತ ಈ ಸಲ ಕೂಡಲೇ ಇಡಲಿಲ್ಲ. ಸ್ವಲ್ಪ ಹೊತ್ತು ಕೇಳಿದರು. ಆಮೇಲೆ ಅವರ ದನಿ ನಡುಗಿತು. "ನನ್ನನ್ನು ಅಣಕಿಸುತ್ತೀಯಾ? ಮುದುಕನನ್ನು ಅಣಕಿಸಲು ನಾಚಿಕೆಯಾಗುವುದಿಲ್ಲವೇ?" ಎಂದು ಇಟ್ಟುಬಿಟ್ಟರು.

ಮೇಷ್ಟ್ರು ಮಗ್ಗನ್ನು ವಾಷಿಂಗ್ ಮಷೀನಿನ ಮೇಲಿಟ್ಟರು. "ಸರಿಯಾಗಿಯೇ ಹೇಳಿದರು," ಎಂದರು. "ನನಗೂ ಹಾಗೇ ಕೇಳಿಸಿತು. ನನ್ನ ಮಾತು ನನ್ನ ಬಾಯಲ್ಲೇ ನಕಲಿ ಆಗಿಬಿಟ್ಟಿದೆ." ಊರಿಗೆ ಹೋದಾಗ ಓಣಿಯ ಹೆಂಗಸರು ನನ್ನ ಮಾತು ಕೇಳಿ, "ಭಾಳ ಚಲೋ ಮಾಡ್ತಿ ಬಿಡs ನಮ್ಮ ನಕಲಾ," ಎಂದದ್ದು ನೆನಪಾಯಿತು. ಅಂದು ನಾನು ಅವರ ಜೊತೆ ಸೇರಿ ನಕ್ಕಿದ್ದೆ.

ಇಷ್ಟರಲ್ಲಿ ಪಾಠದಲ್ಲಿ ಅವರ ದನಿ ಹದಗೆಡತೊಡಗಿತು. "ಆಸಮ್" ಅನ್ನುವ ಜಾಗದಲ್ಲಿ ಊರಿನದೊಂದು ಮಾತು ಹೊರಬೀಳುವುದು, ತಕ್ಷಣ ತಿದ್ದಿಕೊಳ್ಳುವುದು. ಮಕ್ಕಳಿಗೆ ಖುಷಿ, ಅಮ್ಮಂದಿರಿಗೆ ಕಸಿವಿಸಿ. ಮೇಲಿನ ಮಹಡಿಯ ಗೆಳತಿ ಫೋನ್ ಮಾಡಿದಳು. "ರೀ, ಅವ್ರು ಅಮೆರಿಕದವರೇ ಅಲ್ವಂತೆ! ಇಂಗ್ಲೆಂಡಂತೆ, ಅದೂ ಯಾವ್ದೋ ಹಳ್ಳಿ ಕಡೆ. ನಮ್ ಮಕ್ಳು ಇಂಥದ್ದು ಕಲ್ತ್ರೆ ಯಾರ್ರೀ ಕೇಳ್ತಾರೆ?" ಒಂದೊಂದೇ ಮನೆಯವರು ಪಾಠ ಬಿಡಿಸಿದರು. ನನ್ನ ಗಂಡ, "ನಾವೂ ಬಿಡಿಸೋಣ್ವಾ? ಏನೋ ಹಳ್ಳಿಯವರ ಥರ ಕೇಳುತ್ತೆ," ಎಂದರು, ನಾನು ರೋಣದವಳೆಂಬುದು ಅವರಿಗೆ ಆ ಹೊತ್ತಿನಲ್ಲಿ ನೆನಪೇ ಇರಲಿಲ್ಲ. ನೆನಪಿಡಲು ನಾನೂ ಏನೂ ಬಿಟ್ಟಿರಲಿಲ್ಲ. ಮಗಳು ಮಾತ್ರ, "ನೋ ಲಾ ಪಪ್ಪಾ, ಹೀ ಈಸ್ ಫನ್ನಿ ನೌ," ಎಂದು ಹಟ ಮಾಡಿದ್ದರಿಂದ ನಮ್ಮ ಮನೆಯ ಪಾಠ ಉಳಿಯಿತು.

ತಾತನ ವೃದ್ಧಾಶ್ರಮಕ್ಕೆ ರೋಗ ಹೊಕ್ಕಿತು. ಒಂದು ಮಧ್ಯಾಹ್ನ, ಅಲ್ಲಿ ಆಗಿನ್ನೂ ಬೆಳಕು ಹರಿಯುವ ಹೊತ್ತು, ನಾನು ಬಾಲ್ಕನಿಯ ಬಾಗಿಲು ತೆರೆದಿಟ್ಟು ಕುಕ್ಕರ್ ತೊಳೆಯುತ್ತಿದ್ದೆ. ಎದುರಿನ ಬಾಲ್ಕನಿಯಲ್ಲಿ ಫೋನಿನ ಸ್ಪೀಕರಿನಿಂದ ಹೆಂಗಸೊಬ್ಬಳ ದನಿ. ನರ್ಸು. ತಾತನಿಗೆ ಮಾತು ನಿಂತಿದೆ, ಉಸಿರು ಕಷ್ಟ, ಇನ್ನು ಹೆಚ್ಚು ಹೊತ್ತಿಲ್ಲ. ಫೋನನ್ನು ಅವರ ಕಿವಿಗೆ ಹಿಡಿದಿದ್ದೇನೆ, ಕೇಳಿಸುತ್ತದೆ, ಏನು ಹೇಳಬೇಕೋ ಹೇಳಪ್ಪ ಎಂದಳು.

ಮೇಷ್ಟ್ರು ಬಾಯಿ ತೆರೆದರು. ಏನೂ ಬರಲಿಲ್ಲ. ಯಾವ ದನಿಯಲ್ಲಿ ಹೇಳಬೇಕು? ಒಂದು ದನಿಗೆ ತಾತ ಕಳ್ಳ ಎಂದಿದ್ದರು, ಇನ್ನೊಂದಕ್ಕೆ ಅಣಕ ಎಂದಿದ್ದರು. ಮೂರನೆಯದೊಂದು ಅವರ ಹತ್ತಿರ ಇರಲಿಲ್ಲ. ಟೋಪಿ ತೆಗೆದರು, ಮತ್ತೆ ಹಾಕಿಕೊಂಡರು. ಫೋನಿನಲ್ಲಿ ಮುದುಕನ ಉಸಿರು ಕೇಳುತ್ತಿತ್ತು, ಎಳೆದೆಳೆದು ಬಿಡುವ ಸದ್ದು. ನರ್ಸು, "ಇದ್ದೀಯೇನಪ್ಪ? ಇದ್ದೀಯಾ?" ಎಂದಳು. ಇವರು ಗೋಡೆಗೆ ಹಣೆ ಒತ್ತಿ ನಿಂತುಬಿಟ್ಟರು.

ನಾನು ಬಾಲ್ಕನಿಗೆ ಬಂದದ್ದು ನನಗೆ ಗೊತ್ತಿಲ್ಲ. ಕೈಯಲ್ಲಿ ಸೋಪಿನ ನೊರೆ ಇತ್ತು.

"ಏ ತಮ್ಮಾ! ಸುಮ್ಮ ಯಾಕ ನಿಂತೀಯೋ! ಮಾತಾಡೋ! ಹೆಂಗ ಬರ್ತೈತೋ ಹಂಗ ಮಾತಾಡು! ನಿಮ್ಮಜ್ಜ ಹೊಂಟಾನೋ, ಮಾತಾಡೋ!"

ಗಿರಣಿಯ ದನಿ. ಆರು ಮಹಡಿಗೂ ಕೇಳಿತು. ಕೆಳಗಿನ ಆಂಟಿಯ ಒಗ್ಗರಣೆ ನಿಂತಿತು, ಮೇಲೆ ಯಾವುದೋ ಕಿಟಕಿ ತೆರೆಯಿತು. ಅದು ಬೆಂಗಳೂರಿನ ಗೆಳತಿಯದಿರಬಹುದು. ಮೇಷ್ಟ್ರು ತಿರುಗಿ ನನ್ನನ್ನು ನೋಡಿದರು. ಮಾತಿನ ಅರ್ಥ ಅವರಿಗೆ ಹೇಗೆ ತಿಳಿಯಬೇಕು? ಆದರೂ ಮಾತಾಡಿದರು. ತಾತಾ ಎಂದರು, ಆಮೇಲೆ ನಿಲ್ಲಲಿಲ್ಲ. ಸಮುದ್ರ, ನಾಯಿ, ಯಾರದೋ ದೋಣಿ, ಶಾಲೆಯ ಬೂಟು, ಅಮ್ಮ. ಒಂದು ಮಾತು ಅಮೆರಿಕಾದ್ದು, ಮುಂದಿನದು ಊರಿನದು, ನಡುವೆ ಇಲ್ಲಿಯವರು ಮಾತಿನ ಕೊನೆಗೆ ಅಂಟಿಸುವ ಒಂದೆರಡು ಲಾ ಕೂಡ. ತಿದ್ದಿಕೊಳ್ಳಲಿಲ್ಲ. ಅಳುತ್ತ ಮಾತಾಡುವವನಿಗೆ ತಿದ್ದಿಕೊಳ್ಳಲು ಪುರುಸೊತ್ತೆಲ್ಲಿ. ನಾನು ಒಳಗೆ ಬಂದು ಬಾಗಿಲು ಎಳೆದುಕೊಂಡೆ.

ಮಗಳು ಕಿವಿಯ ಹೆಡ್‌ಫೋನ್ ತೆಗೆದು ಅಡುಗೆಮನೆಯಲ್ಲಿ ನಿಂತಿದ್ದಳು. ಕಣ್ಣು ಅಗಲವಾಗಿದ್ದವು.

"ಅಮ್ಮಾ, ಹೂ ವಾಸ್ ದಟ್ ಆಂಟಿ? ಯಾರಿಗೋ ಸ್ಕೋಲ್ಡ್ ಮಾಡಿದ್ರಲ್ಲ, ಸೋ ಲೌಡ್ ಲಾ."

ಮುಖ ಸುಟ್ಟಂತಾಯಿತು. "ಯಾರೋ," ಎಂದೆ. "ಗೊತ್ತಿಲ್ಲ ಪುಟ್ಟಾ, ಯಾರೋ ಕೆಳಗಿನವರು." ಎಷ್ಟು ಮೆತ್ತಗೆ, ಎಷ್ಟು ಮೈಸೂರಾಗಿ ಹೇಳಿದೆ! ಅವಳು ಒಪ್ಪಿ ಒಳಗೆ ಹೋದಳು. ನಾನು ಅರ್ಧ ತೊಳೆದಿದ್ದ ಕುಕ್ಕರನ್ನು ಮತ್ತೆ ಮೊದಲಿನಿಂದ ತೊಳೆದೆ.

ಮರುದಿನ ಬೆಳಿಗ್ಗೆ ಮೇಷ್ಟ್ರು ಬಾಲ್ಕನಿಗೆ ಬಂದರು. ಟೋಪಿ ಇರಲಿಲ್ಲ. ತಾತ ಹೋದರು ಎಂದರು. "ಗುರುತು ಹಿಡಿದರಾ?" ಎಂದು ಕೇಳಿದೆ, ಕೇಳಬಾರದಿತ್ತೇನೋ. "ಗೊತ್ತಿಲ್ಲ. ಉಸಿರು ಸ್ವಲ್ಪ ಶಾಂತವಾಯಿತು ಎಂದಳು ನರ್ಸು. ಎಲ್ಲರಿಗೂ ಹಾಗೇ ಹೇಳುತ್ತಾರೆ ಅನಿಸುತ್ತದೆ." ಆಮೇಲೆ, ನಿನ್ನೆ ನನಗೆ ಏನು ಹೇಳಿದಿರಿ ಎಂದರು. ಇಂಗ್ಲಿಷಿನಲ್ಲಿ ಹೇಳಿದೆ. ಅದಲ್ಲ, ನಿಮ್ಮದರಲ್ಲೇ ಇನ್ನೊಮ್ಮೆ ಹೇಳಿ ಎಂದರು. ಇನ್ನೊಮ್ಮೆ ಹೇಳು ಎಂದು ನಗದೆ ಕೇಳಿದವರು ಅವರೊಬ್ಬರೇ. ಹೇಳಿದೆ, ಅಳುತ್ತ ಹೇಳಿದೆ. "ನಮ್ಮ ಓಣಿಯ ಹೆಂಗಸರೂ ಹೀಗೇ ಕೂಗುತ್ತಿದ್ದರು," ಎಂದರು. "ಹೀಗೆ ಕೂಗಿದರೆ ಯಾರ ಮಗುವಾದರೂ ಓಡಿ ಬರಬೇಕು."

ಮುಂದಿನ ವರ್ಷ ಗಡಿ ತೆರೆದಾಗ ಅವರು ಊರಿಗೆ ಹೋದರು. ತಾತನ ಬೂದಿಯನ್ನು ಚಿಕ್ಕಮ್ಮ ಅಷ್ಟು ದಿನ ಕಾದಿಟ್ಟಿದ್ದರಂತೆ. ಹೋಗುವ ದಿನ ಕೆಳಗಿನ ಆಂಟಿ ಕೊಟ್ಟ ಪೊಟ್ಟಣ ಒಂದು ಕೈಯಲ್ಲಿ, ಇನ್ನೊಂದು ಕೈ ನನ್ನ ಮಗಳ ತಲೆಯ ಮೇಲೆ. ಅವಳಿಗೆ ಏನೋ ಹೇಳಿದರು, ಅದು ಯಾವ ದೇಶದ ಇಂಗ್ಲಿಷೋ ಹೇಳಲಾಗುತ್ತಿರಲಿಲ್ಲ. ಆಮೇಲೆ ಒಂದೆರಡು ಮೆಸೇಜು ಬಂದವು, ನಾನೂ ಕಳಿಸಿದೆ, ಹಾಗೇ ನಿಂತವು. ನಮಗೆ ಅಮೆರಿಕಾ ಇನ್ನೂ ಸಿಕ್ಕಿಲ್ಲ.

ಆದರೆ ತಾತ ಹೋದ ಸುದ್ದಿ ಕೇಳಿದ ಆ ಬೆಳಿಗ್ಗೆ ನಾನು ಬಾಲ್ಕನಿಯಿಂದ ನೇರ ಮಗಳ ಕೋಣೆಗೆ ಹೋದೆ. ಅವಳು ಇನ್ನೂ ಹಾಸಿಗೆಯಲ್ಲಿದ್ದಳು. ಪಕ್ಕದಲ್ಲಿ ಕೂತೆ. ಹೊರಗಿನ ಕೋಣೆಯಲ್ಲಿ ಗಂಡ ಮೀಟಿಂಗಿನಲ್ಲಿದ್ದರು, ಕೇಳಿಸುತ್ತದೆಂದು ಗೊತ್ತಿತ್ತು.

"ನಿನ್ನಿ ಒದರಿದಾಕಿ ನಾನs, ಮಗಳ," ಎಂದೆ.

ಅವಳು ನನ್ನ ಮುಖವನ್ನೇ ನೋಡಿದಳು. ಆಮೇಲೆ ನಕ್ಕಳು. "ನೋ ಲಾ. ಯು ಆರ್ ಲೈಯಿಂಗ್. ಅದು ಬೇರೆ ಆಂಟಿ."

ಅವಳು ನಂಬಲಿಲ್ಲ. ಅಲ್ಲಿಯವರೆಗಿನ ನನ್ನ ನಾಚಿಕೆಗಳೆಲ್ಲ ಅದರ ಮುಂದೆ ಏನೂ ಅಲ್ಲ. ನಾನು ಹೆತ್ತ ಮಗು ನನ್ನ ದನಿ ಕೇಳಿ ಅದು ನಾನಲ್ಲ ಎನ್ನುತ್ತಿತ್ತು. ನಂಬಿಸಲು ನನ್ನ ಹತ್ತಿರ ಮಾತು ಬಿಟ್ಟು ಬೇರೇನಿತ್ತು? ಮಾತಾಡಿದೆ. ಗಿರಣಿಯ ಬೆಲ್ಟು ಹರಿದ ದಿನದ ಕಥೆ ಹೇಳಿದೆ, ಅಪ್ಪ ಮೈತುಂಬ ಹಿಟ್ಟಾಗಿ ಮನೆಗೆ ಬಂದರೆ ನಾವು ದೆವ್ವ ಎಂದು ಓಡುತ್ತಿದ್ದುದನ್ನು ಹೇಳಿದೆ. ಒಂದೊಂದು ಕಡೆ ಬೆಂಗಳೂರು ಬಾಯಿಗೆ ಬಂತು, ಬರಲಿ ಎಂದು ಬಿಟ್ಟೆ. ಹೊರಗೆ ಗಂಡನ ಮೀಟಿಂಗಿನ ಮಾತು ನಿಂತಿತು. ಮಗಳ ನಗು ನಿಂತಿತು. ಅವಳು ಮೆಲ್ಲಗೆ ಎದ್ದು ಕೂತು, ಎರಡೂ ಕೈಯಿಂದ ನನ್ನ ಕೆನ್ನೆ ಹಿಡಿದು, ಮಾತು ಎಲ್ಲಿಂದ ಬರುತ್ತಿದೆ ಎಂದು ನೋಡುವವಳ ಹಾಗೆ ನನ್ನ ಬಾಯನ್ನೇ ನೋಡತೊಡಗಿದಳು.